ಧೂಳು ಜಾಸ್ತಿ ಇರೋ ಕಡೆನೇ ಸಿಓ (ಕಾರ್ಬನ್ ಮೊನಾಕ್ಸೈಡ್) ಮಂಕಾಗಿದೆ, ಯಾಕೆ?

ಕಪ್ಪುಗೋಳ

ಬಾರ್ನಾರ್ಡ್ 68 ಗೊತ್ತಲ್ಲ, ಉರಗಧರ ನಕ್ಷತ್ರಪುಂಜದ ಕಡೆ ಇರೋ ಸಣ್ಣ ಕರಿ ಮೋಡ, ಫೋಟೋದಲ್ಲಿ ಆ ಜಾಗದಲ್ಲಿ ಒಂದು ನಕ್ಷತ್ರಾನೂ ಕಾಣಲ್ಲ. 2001ರಲ್ಲಿ ಆಲ್ವೆಸ್ ಮತ್ತೆ ಲಾಡಾ ಹೆಸರಿನ ಇಬ್ಬರು ಸೇರಿ ಹಿಂದಿನ ನಕ್ಷತ್ರಗಳನ್ನ ಇನ್‌ಫ್ರಾರೆಡ್‌ನಲ್ಲಿ ನೋಡಿ ಯಾವ ಜಾಗದಲ್ಲಿ ಎಷ್ಟು ಧೂಳು ಅಡ್ಡ ಇದೆ ಅಂತ ಮ್ಯಾಪ್ ಮಾಡಿದ್ರು, ನಡು ಮಧ್ಯದಲ್ಲಿ ಬೆಳಕು ಹತ್ತಿರತ್ತಿರ 30 ಮ್ಯಾಗ್ನಿಟ್ಯೂಡ್ (ನಕ್ಷತ್ರದ ಹೊಳಪು ಅಳೆಯೋ ಮಾನ) ಕಮ್ಮಿ ಆಗತ್ತೆ. ಅದೇ ಮೋಡದ ರೇಡಿಯೋ ಮ್ಯಾಪ್, ಸಿ18ಓದು (ಆಮ್ಲಜನಕ 18 ಇರೋ ಅಪರೂಪದ ಸಿಓ), ಅದನ್ನ ಧೂಳಿನ ಮ್ಯಾಪ್ ಮೇಲೆ ಇಟ್ಟು ನೋಡ್ತಿದೀನಿ. ಅಂಚಿಂದ ಒಳಗೆ ಹೋಗ್ತಾ ಧೂಳೂ ಏರತ್ತೆ ಸಿಓನೂ ಏರತ್ತೆ, ಸರಿ. ಆಮೇಲೆ ಧೂಳು ಏರ್ತಾನೇ ಇದೆ, ಸಿ18ಓ ಮಾತ್ರ ನಿಂತುಬಿಡತ್ತೆ, ಇನ್ನೂ ಒಳಗೆ ಹೋದ್ರೆ ಇಳಿಯತ್ತೆ. ಸಿಓ ಅಂದ್ರೆ ಗ್ಯಾಸ್ ಎಲ್ಲಿದೆ ಅಂತ ತೋರ್ಸೋ ಗುರುತು ಅಂತ ತಾನೆ ಎಲ್ಲಾ ಕಡೆ ಬರೆದಿರೋದು? ಹಂಗಾದ್ರೆ ಮೋಡದ ಮಧ್ಯ ಗ್ಯಾಸ್ ಇಲ್ವಾ? ಅಥವಾ ಲೈನ್ (ಅಣು ತನ್ನದೇ ಆವರ್ತನದಲ್ಲಿ ಬಿಡೋ ಬೆಳಕು) ಸ್ಯಾಚುರೇಟ್ ಆಗಿರೋದಾ, ಅಂದ್ರೆ ಗ್ಯಾಸ್ ಎಷ್ಟೇ ಜಾಸ್ತಿ ಇದ್ರೂ ಹೊಳಪು ಏರಲ್ವಾ? ಅಥವಾ ಅಲ್ಲಿ ತಣ್ಣಗಿರೋದ್ರಿಂದ ಹೊಳೆಯಲ್ವಾ? ಮೂರೂ ಓದಿದೀನಿ, ಯಾವ್ದು ಅಂತ ಹೇಗೆ ತೀರ್ಮಾನ ಮಾಡೋದು ಅನ್ನೋದೇ ಗೊತ್ತಾಗ್ತಿಲ್ಲ.

ಮಿಲಿಮೀಟರ್_ಮಾವ

ಒಳ್ಳೆ ಪ್ರಶ್ನೆ. ಒಂದೊಂದಾಗಿ ಬಿಡಿಸೋಣ, ಇದ್ರಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಒಂದರ ಮೇಲೊಂದು ಕೂತಿದೆ.

ಮೊದ್ಲು ಸಿಓ ಹಿಂದೆ ಯಾಕೆ ಬಿದ್ದಿದೀವಿ ಅನ್ನೋದು. ಈ ಮೋಡಗಳಲ್ಲಿ ಇರೋದೆಲ್ಲಾ ಹೈಡ್ರೋಜನ್ ಅಣು, ಎಚ್2. ಅದು ಎರಡು ಕಡೆನೂ ಒಂದೇ ಥರದ ಪರಮಾಣು ಇರೋ ಅಣು, ಒಂದು ತುದಿ ಧನ ಇನ್ನೊಂದು ಋಣ ಅನ್ನೋ ಡೈಪೋಲ್ ಇಲ್ಲ, ಹಂಗಾಗಿ ತಿರುಗಿದ್ರೂ ರೇಡಿಯೋ ಹೊರಗೆ ಬಿಡಲ್ಲ. ಇರೋದ್ರಲ್ಲಿ ಸುಲಭದ ಲೈನ್ ಅಂದ್ರೆ 28 ಮೈಕ್ರಾನ್‌ದು, ಆ ಮೆಟ್ಟಿಲು ಹತ್ತೋಕೆ 510 ಕೆಲ್ವಿನ್‌ನಷ್ಟು ಶಕ್ತಿ ಬೇಕು, ಮೋಡದ ಒಳಗಿರೋದು 10 ಕೆಲ್ವಿನ್. ಆಗೋ ಮಾತಲ್ಲ. ಸಿಓಗೆ ಮೊದಲ ಮೆಟ್ಟಿಲು ಬರೀ 5.5 ಕೆಲ್ವಿನ್ ಮೇಲೆ. ಪಕ್ಕದಲ್ಲಿ ಹೋಗೋ ಎಚ್2 ಒಂದು ಸಲ ಡಿಕ್ಕಿ ಹೊಡೆದ್ರೆ ಸಾಕು, ಮೇಲೆ ಹೋಗತ್ತೆ, ಇಳಿಯುವಾಗ 115.271 ಗಿಗಾಹರ್ಟ್ಜ್ ಅಂದ್ರೆ 2.6 ಮಿಲಿಮೀಟರ್ ತರಂಗ ಬಿಡತ್ತೆ. ಒಂದು ಒಂಟಿ ಸಿಓ ಅಣು ತಾನಾಗೇ ಇಳಿಯೋಕೆ ಸರಾಸರಿ 5 ತಿಂಗಳಿಗೂ ಹೆಚ್ಚು ತಗೊಳತ್ತೆ, ಆದ್ರೆ ಅಣುಗಳ ಸಂಖ್ಯೆ ಅಷ್ಟು ದೊಡ್ಡದಿರೋದ್ರಿಂದ ಅದು ಲೆಕ್ಕಕ್ಕೇ ಬರಲ್ಲ. ಸುಮಾರು 10,000 ಎಚ್2ಗೆ ಒಂದು ಸಿಓ ಇರತ್ತೆ, ಆ ಒಂದರ ಮೇಲೆ ನಮ್ಮ ಇಡೀ ಲೆಕ್ಕ ನಿಂತಿದೆ.

ಈಗ ಸಾಮಾನ್ಯ 12ಸಿಓ, ಅಂದ್ರೆ ಕಾರ್ಬನ್ 12 ಇರೋ ಸಿಓ ವಿಷ್ಯ. ಅದು ಇಷ್ಟು ಜಾಸ್ತಿ ಇದೆ ಅಂದ್ರೆ ಒಳಗಿಂದ ಬಂದ ಫೋಟಾನ್‌ನ ಮುಂದಿರೋ ಇನ್ನೊಂದು ಸಿಓ ನುಂಗತ್ತೆ, ಅದು ಬಿಟ್ಟಿದ್ದನ್ನ ಅದರ ಮುಂದಿರೋದು ನುಂಗತ್ತೆ. ದಟ್ಟ ಮಂಜಲ್ಲಿ ನಿಂತ್ರೆ ಹತ್ತಿರದ ನಾಕು ಮಾರು ಬಿಟ್ಟು ಹಿಂದೆ ಎಷ್ಟು ಮಂಜಿದೆ ಅಂತ ಹೆಂಗೆ ಗೊತ್ತಾಗಲ್ವೋ ಹಂಗೆ. 12ಸಿಓ ಮೋಡದ ಮುಖ ತೋರ್ಸತ್ತೆ ಅಷ್ಟೇ, ಹೊಟ್ಟೆ ತೋರ್ಸಲ್ಲ. ಆದ್ರೆ ನೀವು ಹೇಳ್ತಿರೋದು ಸಿ18ಓ, ಅದು ಸಾಮಾನ್ಯ ಸಿಓಗಿಂತ ಸುಮಾರು 500 ಪಟ್ಟು ಕಮ್ಮಿ ಇರೋದು, 109.782 ಗಿಗಾಹರ್ಟ್ಜ್‌ನಲ್ಲಿ. ಅದು ಅಷ್ಟು ಸುಲಭಕ್ಕೆ ಸ್ಯಾಚುರೇಟ್ ಆಗಲ್ಲ. ಹಂಗಾಗಿ ನಿಮ್ಮ ಎರಡನೇ ಅನುಮಾನ ಇಲ್ಲಿ ಪೂರ್ತಿ ಉತ್ತರ ಅಲ್ಲ. ಮುಂದೆ ಬರೀತೀನಿ, ಸ್ವಲ್ಪ ಕೆಲ್ಸ ಇದೆ.

ಹೊಸಬ_77

ಮಧ್ಯೆ ಬಾಯಿ ಹಾಕ್ತಿದೀನಿ ಬೇಜಾರ್ ಮಾಡ್ಕೋಬೇಡಿ. 12ಸಿಓ ದಪ್ಪ ಇದ್ರೆ (ಹಿಂದಿಂದು ಕಾಣದಷ್ಟು ಸ್ಯಾಚುರೇಟ್ ಆಗಿದ್ರೆ) ಲೈನ್‌ನ ಎತ್ತರ ನೇರವಾಗಿ ಮೋಡದ ಟೆಂಪರೇಚರ್ ಕೊಡತ್ತೆ ಅಂತ ಓದಿದ್ದೆ. ಎಲ್ಲಾ ಪುಸ್ತಕದಲ್ಲೂ ಕರಿ ಮೋಡ 10 ಕೆಲ್ವಿನ್ ಅಂತಾರೆ, ನನ್ನ ಹತ್ರ ಇರೋ ಸ್ಪೆಕ್ಟ್ರಂನಲ್ಲಿ ತುದಿ 6.6 ಕೆಲ್ವಿನ್ ಅಷ್ಟೇ ಇದೆ. ಬ್ರಹ್ಮಾಂಡದ ಹಿನ್ನೆಲೆ ವಿಕಿರಣದ 2.7 ಕಳೀಬೇಕು ಅಂತಾರೆ, ಕಳೆದ್ರೂ 7.3 ಬರ್ಬೇಕು, 6.6 ಯಾಕೆ?

ಬೇಸ್‌ಲೈನ್_ಬೇಜಾರು

ಮಾರಾಯ್ರೆ ಇದು ಎಲ್ರೂ ಎಡವೋ ಕಲ್ಲು. ರೇಡಿಯೋದವರು ತೀವ್ರತೆಯನ್ನ ಟೆಂಪರೇಚರ್ ಅಂತ ಬರೆಯೋದು ಉದ್ದ ತರಂಗಕ್ಕೆ ಸರಿ ಹೋಗ್ತದೆ, 21 ಸೆಂಟಿಮೀಟರ್‌ನಲ್ಲಿ ಕಣ್ಣು ಮುಚ್ಚಿ ಮಾಡ್ಬಹುದು. 115 ಗಿಗಾಹರ್ಟ್ಜ್‌ನಲ್ಲಿ ಒಂದು ಫೋಟಾನ್‌ನ ಶಕ್ತಿಯೇ 5.53 ಕೆಲ್ವಿನ್‌ಗೆ ಸಮ ಉಂಟು, ಮೋಡ 10 ಕೆಲ್ವಿನ್. ಎರಡೂ ಹತ್ತಿರ ಹತ್ತಿರ ಆದ್ದರಿಂದ ಆ ಸರಳ ಲೆಕ್ಕ ಮುರಿದು ಬೀಳ್ತದೆ, ಪ್ಲಾಂಕ್ ಸೂತ್ರ ಪೂರ್ತಿ ಹಾಕ್ಲೇಬೇಕು. ಹಾಕಿ ನೋಡಿ, 10 ಕೆಲ್ವಿನ್ ಮೋಡ 7.49 ಕೊಡ್ತದೆ, 2.73 ಕೆಲ್ವಿನ್ ಹಿನ್ನೆಲೆ ಅದೇ ಸೂತ್ರದಲ್ಲಿ 0.84 ಮಾತ್ರ ಆಗ್ತದೆ, 2.7 ಅಲ್ಲ. 7.49ರಲ್ಲಿ 0.84 ಕಳೆದ್ರೆ 6.65. ನಿಮ್ಮ ಮೋಡ ಚಂದಕ್ಕೆ 10 ಕೆಲ್ವಿನ್ ಉಂಟು, ಟೆಲಿಸ್ಕೋಪೂ ಸರಿ ಉಂಟು.

ಒಂದು ಮಾತ್ರ ನೋಡ್ಕೊಳ್ಳಿ, ಆ 6.6 ಅನ್ನೋದು ಮೇನ್ ಬೀಮ್ ಸ್ಕೇಲ್‌ನಲ್ಲಿ (ಟೆಲಿಸ್ಕೋಪ್‌ನ ನಷ್ಟ ಸರಿಪಡಿಸಿದ್ದು) ಇದ್ಯಾ ಅಥವಾ ಆಂಟೆನಾ ಟೆಂಪರೇಚರಾ (ಸರಿಪಡಿಸದ್ದು) ಅಂತ. ಆಂಟೆನಾ ಟೆಂಪರೇಚರ್ ಆದ್ರೆ ಬೀಮ್ ಎಫಿಷಿಯೆನ್ಸಿಯಿಂದ ಭಾಗಿಸ್ಬೇಕು, ಅದನ್ನ ಬಿಟ್ಟವರು ಮೋಡವನ್ನ ಸುಮ್ನೆ ತಣ್ಣಗೆ ಮಾಡಿ ಹಾಕ್ತಾರೆ. ಫೈಲ್‌ನ ಹೆಡರ್ ಓದಿ, ಹೆಡರ್ ಯಾರೂ ಓದೋದಿಲ್ಲ, ಅದೇ ನನ್ನ ಬೇಜಾರು.

ಉತ್ತರದ್_ಚುಕ್ಕಿ

ಭಾರಿ ಆತು ನೋಡ್ರಿ ಚರ್ಚಾ. ನಂದೊಂದು ಹಳೇ ಸುದ್ದಿ ಸೇರಸ್ತೀನಿ. 1970ರಾಗ ಬೆಲ್ ಲ್ಯಾಬ್ಸ್‌ನ ವಿಲ್ಸನ್, ಜೆಫರ್ಟ್ಸ್, ಪೆಂಜಿಯಾಸ್ ಮೂರೂ ಮಂದಿ ತಮ್ಮ ರಿಸೀವರ್ ಹೊತಗೊಂಡು ಅರಿಜೋನಾದ ಕಿಟ್ ಪೀಕ್‌ಗೆ ಹೋಗಿ, ಅಲ್ಲಿನ 36 ಅಡಿ ಡಿಶ್‌ಗೆ ಅದನ್ನ ಜೋಡಿಸಿ ಮಹಾವ್ಯಾಧದ ನೆಬ್ಯುಲಾ ಕಡೆ ತಿರುಗಿಸಿದ್ರು. ಪೆಂಜಿಯಾಸ್, ವಿಲ್ಸನ್ ಅಂದ್ರ ಅವ್ರೇ ರೀ, 1965ರಾಗ ಬ್ರಹ್ಮಾಂಡದ ಹಿನ್ನೆಲೆ ವಿಕಿರಣ ಹೇಳಿದವ್ರು, 1978ರಾಗ ನೊಬೆಲ್ ತಗೊಂಡವ್ರು. ಸಿಓ ಲೈನ್ ಅಷ್ಟು ಜೋರಾಗಿತ್ತು ಅಂದ್ರ ಹುಡುಕಾಡೋ ಪ್ರಸಂಗನ ಬರಲಿಲ್ಲ. ಚಂದ ಏನಪಾ ಅಂದ್ರ ಅದೇ 1970ರಾಗ ಜಾರ್ಜ್ ಕರುಥರ್ಸ್ ರಾಕೆಟ್‌ನ್ಯಾಗ ಅಲ್ಟ್ರಾವಯೊಲೆಟ್ ಕ್ಯಾಮೆರಾ ಹಾರಿಸಿ ನಕ್ಷತ್ರಗಳ ನಡುವಿನ ಎಚ್2ನ ಮೊದಲ ಸಲ ಕಂಡಿದ್ರು. ನಿಜವಾದ ಸಾಮಾನು, ಅದರ ಗುರುತು, ಎರಡೂ ಒಂದೇ ವರ್ಷ ಸಿಕ್ಕಾವ. ಮುಂದ ಎಲ್ರೂ ಗುರುತಿನ ಬೆನ್ನ ಹತ್ತಿದ್ರು, ಯಾಕಂದ್ರ ಅದು ನೆಲದ ಮ್ಯಾಲೆ ಕುಂತ ಕಾಣತೈತಿ, ರಾಕೆಟ್ ಬ್ಯಾಡ.

ಆಮ್ಯಾಲೆ ಥ್ಯಾಡಿಯಸ್ ಅನ್ನವ್ರು ಕೊಲಂಬಿಯಾ ಯುನಿವರ್ಸಿಟಿಯ ಕಟ್ಟಡದ ಮಾಳಿಗಿ ಮ್ಯಾಲೆ, ನ್ಯೂಯಾರ್ಕ್ ಪಟ್ಟಣದ ನಟ್ಟ ನಡುವ, ಬರೀ 1.2 ಮೀಟರ್‌ದ ಸಣ್ಣ ಡಿಶ್ ಇಟ್ರು. ಅದರ ಜೋಡಿ ಇನ್ನೊಂದು ಚಿಲಿಯ ಸೆರ್ರೊ ಟೊಲೊಲೊದಾಗ. ಅವೆರಡೂ ಸೇರಿ ಇಡೀ ಆಕಾಶಗಂಗೆಯ ಪಟ್ಟಿ ಮ್ಯಾಪ್ ಮಾಡ್ಯಾವ, 2001ರ ಡೇಮ್, ಹಾರ್ಟ್‌ಮನ್, ಥ್ಯಾಡಿಯಸ್ ಮ್ಯಾಪ್‌ನ್ಯಾಗ 4,88,000 ಸ್ಪೆಕ್ಟ್ರಾ ಅದಾವ. ದೊಡ್ಡ ಡಿಶ್ ಇದ್ರಷ್ಟ ದೊಡ್ಡ ಕೆಲಸ ಅನ್ನವ್ರಿಗೆ ಇದನ್ನ ತೋರಸ್ರಿ. ಬೀಮ್ (ಡಿಶ್ ಒಂದ ಸಲಕ್ಕ ನೋಡೋ ಆಕಾಶದ ತುಣುಕು) ಅಗಲ ಇದ್ದದ್ದ ಅವ್ರಿಗೆ ಅನುಕೂಲ ಆತು, ಸಣ್ಣ ಬೀಮ್ ಇಟ್ಕೊಂಡು ಅಷ್ಟು ಆಕಾಶ ಬಳಿಯೂದು ಅಂದ್ರ ಜೀವನ ಮುಗೀತೈತಿ.

ಮಿಲಿಮೀಟರ್_ಮಾವ

ಬಂದೆ. ಕಪ್ಪುಗೋಳ ಅವರ ಪ್ರಶ್ನೆಗೆ ವಾಪಸ್.

ಸ್ಯಾಚುರೇಶನ್ ಅನುಮಾನ ಇದ್ರೆ ಅದನ್ನ ಪರೀಕ್ಷೆ ಮಾಡೋದು ಐಸೊಟೋಪ್ ಅನುಪಾತದಿಂದ. ನಮ್ಮ ಸುತ್ತಮುತ್ತಲ ಗ್ಯಾಸ್‌ನಲ್ಲಿ ಕಾರ್ಬನ್ 12 ಮತ್ತು 13ರ ಅನುಪಾತ 60-70 ಇದೆ. ಎರಡೂ ಲೈನ್ ತೆಳುವಾಗಿದ್ರೆ 12ಸಿಓ 13ಸಿಓಗಿಂತ ಅಷ್ಟೇ ಪಟ್ಟು ಹೊಳೀಬೇಕು. ಮೋಡದಲ್ಲಿ ನಿಜಕ್ಕೂ ಅಳೆದ್ರೆ ಎಷ್ಟೋ ಸಲ ಐದಾರು ಪಟ್ಟು ಕೂಡ ಬರಲ್ಲ. ಅಷ್ಟು ಸಾಕು, 12ಸಿಓ ತುಂಬಾ ದಪ್ಪ ಅಂತ ಕಣ್ಣಿಗೆ ಹೊಡೆದಂಗೆ ಗೊತ್ತಾಗತ್ತೆ. ಅದೇ ಥರ ಸಿ18ಓ ಮೇಲೆ ಅನುಮಾನ ಇದ್ರೆ ಸಿ17ಓ ನೋಡಿ, 112.359 ಗಿಗಾಹರ್ಟ್ಜ್. ಆಮ್ಲಜನಕ 18, 17ರ ಅನುಪಾತ ಸುಮಾರು 3.5 ಇರತ್ತೆ. ಮೋಡದ ಮಧ್ಯ ಈ ಅನುಪಾತ ಕೆಳಗಿಳಿದಿದ್ರೆ ಸಿ18ಓ ದಪ್ಪ ಆಗಿದೆ. ಇಳೀದೆ ಎರಡೂ ಒಟ್ಟಿಗೇ ಮಂಕಾಗಿದ್ರೆ, ಅಣುವೇ ಇಲ್ಲ ಅಂತ ಅರ್ಥ.

ಮೂರನೇ ಅನುಮಾನ, ಚಳಿ. ಮಧ್ಯದಲ್ಲಿ 7 ಕೆಲ್ವಿನ್, ಅಂಚಲ್ಲಿ 10-12 ಇದ್ರೂ ತೆಳು ಲೈನ್‌ನಲ್ಲಿ ಒಂದು ಅಣುಗೆ ಎಷ್ಟು ಬೆಳಕು ಅನ್ನೋದು ಈ ರೇಂಜ್‌ನಲ್ಲಿ ಅಷ್ಟಾಗಿ ಬದಲಾಗಲ್ಲ. ಧೂಳು ದುಪ್ಪಟ್ಟಾಗ್ತಿರೋವಾಗ ಸಿ18ಓ ಇಳಿಯೋಕೆ ಈ ಚಳಿ ಒಂದೇ ಸಾಲಲ್ಲ. ಗ್ಯಾಸ್ ಇಲ್ವಾ ಅಂದ್ರೆ, ಇದೆ, ಬೇಕಾದಷ್ಟಿದೆ. ಸಿಓ ಮಾತ್ರ ಗ್ಯಾಸ್ ರೂಪದಲ್ಲಿಲ್ಲ. ಧೂಳಿನ ಕಣದ ಮೇಲೆ ಹಿಮ ಆಗಿ ಅಂಟ್ಕೊಂಡಿದೆ.

ಧೂಳುಕಣ

ಕೊನೆಗೂ ಧೂಳಿನ ಹೆಸರು ಬಂತು, ಇಷ್ಟೊತ್ತು ಕಾಯ್ತಿದ್ದೆ 😄

ಸುಮಾರು 20 ಕೆಲ್ವಿನ್‌ಗಿಂತ ಕೆಳಗೆ ಸಿಓ ಧೂಳಿನ ಕಣಕ್ಕೆ ಬಡಿದ್ರೆ ಅಂಟ್ಕೊಂಡೇ ಬಿಡತ್ತೆ, ಬಿಡಿಸ್ಕೊಂಡು ಬರೋಕೆ ಅದರ ಹತ್ರ ಶಕ್ತಿ ಇಲ್ಲ. ಆದ್ರೆ ಮೋಡ ಎಲ್ಲಾ ಕಡೆನೂ 20ಕ್ಕಿಂತ ತಣ್ಣಗೇ ಇರತ್ತೆ, ಹಂಗಂದ್ಮೇಲೆ ಎಲ್ಲಾ ಕಡೆ ಯಾಕೆ ಹಿಮ ಆಗಲ್ಲ ಅಂತ ಕೇಳ್ಬಹುದು. ಉತ್ತರ ಟೈಮ್. ಕಣಕ್ಕೆ ಬಡಿಯೋಕೆ ಬೇಕಾಗೋ ಕಾಲ ಸುಮಾರಾಗಿ ನೂರು ಕೋಟಿ ವರ್ಷವನ್ನ ಸಾಂದ್ರತೆಯಿಂದ ಭಾಗಿಸಿದಷ್ಟು. ಒಂದು ಘನ ಸೆಂಟಿಮೀಟರ್‌ಗೆ 1,000 ಎಚ್2 ಇರೋ ಅಂಚಲ್ಲಿ 10 ಲಕ್ಷ ವರ್ಷ, ಅಷ್ಟರಲ್ಲಿ ಮೋಡವೇ ಆಕಾರ ಬದಲಾಯಿಸಿರತ್ತೆ, ಜೊತೆಗೆ ಹೊರಗಿಂದ ಬರೋ ಅಲ್ಟ್ರಾವಯೊಲೆಟ್ ಅಂಟಿದ್ದನ್ನ ಕಿತ್ತು ಎಸೀತಿರತ್ತೆ. 1,00,000 ಇರೋ ನಡುವಲ್ಲಿ ಬರೀ 10 ಸಾವಿರ ವರ್ಷ. ಬೆಳಕು ಒಳಗೆ ಬರಲ್ಲ, ಕಾಸ್ಮಿಕ್ ಕಿರಣ ಆಗಾಗ ಒಂದಿಷ್ಟು ಬಿಡಿಸ್ತಾವೆ, ಅಷ್ಟೇ. ಹಂಗಾಗಿ ಸಿಓ ಖಾಲಿಯಾಗೋದು ಸರಿಯಾಗಿ ಮುಂದೆ ನಕ್ಷತ್ರ ಹುಟ್ಟಬೇಕಾದ ಜಾಗದಲ್ಲೇ.

ವೃಷಭದ ಎಲ್1544 ಅಂತ ಒಂದು ಕೋರ್ (ಮೋಡದೊಳಗಿನ ದಟ್ಟ ಗಂಟು) ಇದೆ, 1999ರಲ್ಲಿ ಕಸೆಲ್ಲಿ ಮತ್ತೆ ಅವ್ರ ಜೊತೆಯವ್ರು ನೋಡಿದಾಗ ನಡುವಿನ ಸುಮಾರು 6,500 ಖಗೋಳಮಾನ (ಒಂದು ಅಂದ್ರೆ ಭೂಮಿ-ಸೂರ್ಯ ದೂರ) ತ್ರಿಜ್ಯದೊಳಗೆ ಸಿಓ ಕಾಣೆಯಾಗಿತ್ತು. ಸೂರ್ಯಂದ ನೆಪ್ಚೂನ್‌ಗೆ 30 ಖಗೋಳಮಾನ, ಈಗ ಅಂದಾಜು ಮಾಡ್ಕೊಳ್ಳಿ. ನಿಮ್ಮ ಬಾರ್ನಾರ್ಡ್ 68ರಲ್ಲೂ ಇದೇ ಕಥೆ, 2002ರಲ್ಲಿ ಬರ್ಗಿನ್ ತಂಡ ತೋರ್ಸಿದ್ದು.

ಇನ್ನೊಂದು ಅಂದ್ರೆ ಆ ಹಿಮ ಸುಮ್ನೆ ಕೂರಲ್ಲ. ಕಣದ ಮೇಲೆ ಓಡಾಡೋ ಹೈಡ್ರೋಜನ್ ಪರಮಾಣು ಒಂದೊಂದಾಗಿ ಸಿಓಗೆ ಸೇರ್ಕೊಂಡು ಮೊದ್ಲು ಫಾರ್ಮಾಲ್ಡಿಹೈಡ್, ಆಮೇಲೆ ಮೆಥನಾಲ್ ಆಗತ್ತೆ. ರೇಡಿಯೋದವ್ರಿಗೆ ಇದು ಸಿಗ್ನಲ್ ನಷ್ಟ, ಕೆಮಿಸ್ಟ್ರಿಯವ್ರಿಗೆ ಇಲ್ಲಿಂದಲೇ ಆಟ ಶುರು.

ಹೊಸಬ_77

ಬೇಸ್‌ಲೈನ್ ಅವ್ರೆ, ಥ್ಯಾಂಕ್ಸ್, ಹೆಡರ್ ಓದಿದೆ, ಮೇನ್ ಬೀಮೇ. ಇನ್ನೊಂದು ಡೌಟ್. ಅದೇ ಡೇಟಾದಲ್ಲಿ ಮೋಡದ ಲೈನ್ ಪಕ್ಕ ಇನ್ನೊಂದು ತುಂಬಾ ಚೂಪಾದ ಸಣ್ಣ ಲೈನ್ ಇದೆ, ಅರ್ಧ ಕಿಮೀ/ಸೆಕೆಂಡ್ ಅಷ್ಟೇ ಅಗಲ. ವಿಚಿತ್ರ ಏನಂದ್ರೆ ಮ್ಯಾಪ್‌ನ ಎಲ್ಲಾ ಪಾಯಿಂಟ್‌ನಲ್ಲೂ ಒಂದೇ ಎತ್ತರ. ಇನ್ನೊಂದು ತಿಂಗಳಲ್ಲಿ ತೆಗೆದ ಭಾಗದಲ್ಲಿ ಅದರ ವೇಗ ಬೇರೆ ಇದೆ. ಮೋಡ ಮುಂದೆ ಹಿಂದೆ ಓಡಾಡ್ತಿದ್ಯಾ?

ಬೇಸ್‌ಲೈನ್_ಬೇಜಾರು

ಹೋಯ್, ನೀವು ಭೂಮಿಯನ್ನ ಕಂಡುಹಿಡಿದ್ರಿ!

ನಮ್ಮ ವಾತಾವರಣದ ಮೇಲ್ಪದರದಲ್ಲಿಯೂ, ಮೀಸೋಸ್ಫಿಯರ್‌ನಲ್ಲಿ, ಸಿಓ ಉಂಟು. ಅಲ್ಲಿ ಒತ್ತಡ ಕಮ್ಮಿ, ಹಾಗಾಗಿ ಲೈನ್ ಚೂಪು. ಟೆಲಿಸ್ಕೋಪ್ ಎಲ್ಲಿ ತಿರುಗಿಸಿದ್ರೂ ಅದು ಎದುರಿಗೇ ಇರ್ತದೆ. ಪೊಸಿಷನ್ ಸ್ವಿಚ್ ಮಾಡಿದ್ರೆ ಅಂದ್ರೆ ಮೋಡ ನೋಡಿ, ಪಕ್ಕದ ಖಾಲಿ ಜಾಗ ನೋಡಿ, ಕಳೆದ್ರೆ, ಎರಡರಲ್ಲೂ ಇದ್ದದ್ದು ಕಳೆದು ಹೋಗ್ತದೆ, ಯಾರಿಗೂ ಗೊತ್ತಾಗೋದಿಲ್ಲ. ನಿಮ್ಮ ಡೇಟಾ ಫ್ರೀಕ್ವೆನ್ಸಿ ಸ್ವಿಚ್ ಇರ್ಬೇಕು, ಅದ್ರಲ್ಲಿ ಟೆಲಿಸ್ಕೋಪ್ ಮೋಡದ ಮೇಲೆಯೇ ಇರ್ತದೆ, ಆವರ್ತನವನ್ನ ಮಾತ್ರ ಅತ್ತಿತ್ತ ಮಾಡೋದು, ಹಾಗಾಗಿ ಆಕಾಶದ ಸಿಓನೂ ಉಳೀತದೆ ನಮ್ಮ ತಲೆ ಮೇಲಿನ ಸಿಓನೂ ಉಳೀತದೆ.

ಜಾಗ ಯಾಕೆ ಬದಲಾಗ್ತದೆ ಅಂದ್ರೆ, ಆ ಸಿಓ ನಮ್ಮ ಜೊತೆಯೇ ಭೂಮಿಗೆ ಅಂಟಿಕೊಂಡು ಹೋಗ್ತದೆ, ನೆಲದಲ್ಲಿ ನಿಂತವನಿಗೆ ಅದರ ವೇಗ ಸೊನ್ನೆ. ಆದ್ರೆ ಸ್ಪೆಕ್ಟ್ರಂನ ಅಕ್ಷವನ್ನ ನಾವು ಸೂರ್ಯನ ಸುತ್ತಲಿನ ನಕ್ಷತ್ರಗಳ ಸರಾಸರಿ ಚಲನೆಗೆ ಹೊಂದಿಸಿ ಬರೀತೇವೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಮೀ ಓಡ್ತಾ ಇರೋದ್ರಿಂದ ಆ ಅಕ್ಷದಲ್ಲಿ ಈ ಲೈನ್ ವರ್ಷ ಪೂರ್ತಿ ಅತ್ತಿತ್ತ ಜಾರ್ತದೆ, ಮೋಡದ ಲೈನ್ ಮಾತ್ರ ಜಾಗ ಬಿಡೋದಿಲ್ಲ. ಅಬ್ಸರ್ವೇಶನ್ ತಾರೀಕು ಹಾಕಿ ಆ ದಿಕ್ಕಿನ ವೇಗ ಲೆಕ್ಕ ಹಾಕಿ, 115.271ರಲ್ಲಿ 1 ಕಿಮೀ/ಸೆಕೆಂಡ್ ಅಂದ್ರೆ 0.3845 ಮೆಗಾಹರ್ಟ್ಜ್. ಸರಿಯಾಗಿ ಅಲ್ಲಿಯೇ ಕೂರ್ತದೆ. ಪಾಪದ ಲೈನ್ ಅದು, ಆದ್ರೆ ಮೋಡದ ವೇಗಕ್ಕೇ ಬಂದು ಕೂತ ತಿಂಗಳಲ್ಲಿ ಮಾತ್ರ ಅದರಷ್ಟು ಕಿರಿಕಿರಿ ಬೇರೆ ಇಲ್ಲ, ಆಗ ಬೇರೆ ತಿಂಗಳಲ್ಲಿ ಪುನಃ ತೆಗೀಬೇಕು.

ಹೇಳಿದ ಹಾಗೆ ಪೊಸಿಷನ್ ಸ್ವಿಚ್‌ಗೂ ಅದರದ್ದೇ ಕಷ್ಟ ಉಂಟು. ಖಾಲಿ ಅಂತ ಹೋಗಿ ನಿಂತ ಜಾಗದಲ್ಲಿ ತೆಳು ಸಿಓ ಇದ್ರೆ ಕಳೆಯುವಾಗ ಸ್ಪೆಕ್ಟ್ರಂನಲ್ಲಿ ಗುಂಡಿ ಬೀಳ್ತದೆ. ಅದನ್ನ ನೋಡಿ ಹೀರಿಕೆ ಲೈನ್ ಸಿಕ್ತು ಅಂತ ಹಾರಾಡ್ಬೇಡಿ.

ಕಪ್ಪುಗೋಳ

ಇದನ್ನ ಓದಿ ಖುಷಿ ಆಯ್ತು. ಸರಿ, ಹಿಮ ಅಂತ ಒಪ್ಪಿದೆ. ಹಂಗಾದ್ರೆ ಕ್ರಾಸ್ ಚೆಕ್ ಯಾವ್ದು? "ಸಿಓ ಇಲ್ಲ" ಅನ್ನೋದ್ರಿಂದ "ಗ್ಯಾಸ್ ಇದೆ" ಅಂತ ಹೇಳೋಕಾಗಲ್ಲ. ಧೂಳು ಇದೆ ಅಂತ ಗೊತ್ತು, ಆದ್ರೆ ಗ್ಯಾಸ್?

ಉತ್ತರದ್_ಚುಕ್ಕಿ

ನನ್ನ ತಕರಾರು ಅದಕ್ಕಿಂತ ದೊಡ್ಡದೈತಿ. 12ಸಿಓ ಹೊಟ್ಟಿ ತೋರಸೂದಿಲ್ಲ ಅಂದ್ರಿ. ನಡುವ ಹೋದ್ರ ಹಿಮ ಆಗತೈತಿ ಅಂದ್ರಿ. ಮತ್ತ ಎಲ್ಲಾ ಪೇಪರ್‌ನ್ಯಾಗ 12ಸಿಓದ ಒಟ್ಟು ಹೊಳಪಿಗೆ ಒಂದು ಎಕ್ಸ್ ಫ್ಯಾಕ್ಟರ್ ಗುಣಿಸಿ ಈ ಮೋಡ ಇಷ್ಟು ಲಕ್ಷ ಸೂರ್ಯನ ತೂಕ ಅಂತಾರಲ್ರಿ, ಆ ಲೆಕ್ಕಕ್ಕ ಏನ್ ಬೆಲಿ? ಮಾರಿ ನೋಡಿ ಮಣಭಾರ ಹೇಳಿದಂಗ ಆತಲ್ಲ.

ಮಿಲಿಮೀಟರ್_ಮಾವ

ಇದಕ್ಕೆ ಜಗಳಾನೇ ಆಡ್ಬಹುದು, ಆಡೋಣ 🙂

ಎಕ್ಸ್ ಫ್ಯಾಕ್ಟರ್ ಅಂದ್ರೆ 1 ಕೆಲ್ವಿನ್ ಕಿಮೀ/ಸೆಕೆಂಡ್ ಹೊಳಪಿಗೆ ಪ್ರತಿ ಚದರ ಸೆಂಟಿಮೀಟರ್‌ಗೆ 2×10²⁰ ಎಚ್2, ಅದು ನಮ್ಮ ಗ್ಯಾಲಕ್ಸಿಯ ಡಿಸ್ಕ್‌ಗೆ, ಸುಮಾರು 30 ಪರ್ಸೆಂಟ್ ಹೆಚ್ಚುಕಮ್ಮಿ. ಉದಾಹರಣೆಗೆ ಒಂದು ಕಡೆ 10 ಕೆಲ್ವಿನ್ ಕಿಮೀ/ಸೆಕೆಂಡ್ ಬಂತು ಅಂದ್ರೆ 2×10²¹ ಎಚ್2, ಅದನ್ನ ಧೂಳಿಗೆ ತಿರುಗಿಸಿದ್ರೆ ಸುಮಾರು 2 ಮ್ಯಾಗ್ನಿಟ್ಯೂಡ್ ಮಂಕು. ಇನ್‌ಫ್ರಾರೆಡ್‌ನಲ್ಲಿ ಅಳೆದು ನೋಡಿದ್ರೆ ಎಷ್ಟೋ ಮೋಡದಲ್ಲಿ ಹತ್ತಿರಕ್ಕೇ ಬರತ್ತೆ.

ದಪ್ಪ ಲೈನ್ ಹೆಂಗೆ ತೂಕ ಹೇಳತ್ತೆ ಅಂದ್ರೆ, ಹೊಳಪು ಅಂದ್ರೆ ಎತ್ತರ ಇಂಟು ಅಗಲ. ಎತ್ತರ ಟೆಂಪರೇಚರ್, ಅದು ಎಲ್ಲಾ ಮೋಡದಲ್ಲೂ ಹೆಚ್ಚುಕಮ್ಮಿ ಒಂದೇ. ಅಗಲ ಗ್ಯಾಸ್‌ನ ಓಡಾಟ. ಮೋಡ ತನ್ನ ಗುರುತ್ವದಲ್ಲೇ ಹಿಡಿದು ನಿಂತಿದೆ ಅಂದ್ರೆ ತೂಕ ಜಾಸ್ತಿ ಇದ್ದಷ್ಟು ಒಳಗಿನ ಓಡಾಟ ಜಾಸ್ತಿ, ಲೈನ್ ಅಗಲ. ಅಂದ್ರೆ ಸಿಓ ಅಣುಗಳನ್ನ ನಾವು ಎಣಿಸ್ತಾನೇ ಇಲ್ಲ, ಗುರುತ್ವವನ್ನ ಅಳೀತಿದೀವಿ. 10 ಕೆಲ್ವಿನ್ ಗ್ಯಾಸ್‌ನಲ್ಲಿ ಶಬ್ದದ ವೇಗ 0.2 ಕಿಮೀ/ಸೆಕೆಂಡ್, ಆದ್ರೆ ದೊಡ್ಡ ಮೋಡದಲ್ಲಿ ಲೈನ್ ಹಲವು ಕಿಮೀ/ಸೆಕೆಂಡ್ ಅಗಲ ಇರತ್ತೆ, ಬರೀ ಶಾಖದಿಂದ ಅಷ್ಟು ಬರಲ್ಲ. ಮೋಡ ದೊಡ್ಡದಾದಷ್ಟು ಲೈನ್ ಅಗಲ ಅಂತ 1981ರಲ್ಲಿ ಲಾರ್ಸನ್ ತೋರ್ಸಿದ್ದು ಇದರ ಬುಡದಲ್ಲಿದೆ.

ಹಂಗಾಗಿ ಇಡೀ ದೊಡ್ಡ ಮೋಡಕ್ಕೆ, ಸಾವಿರ ಮೋಡದ ಸರಾಸರಿಗೆ, ಇದು ನಡೆಯತ್ತೆ. ನಡುವಿನ ಹಿಮದ ಭಾಗ ಒಟ್ಟು ತೂಕದಲ್ಲಿ ಸಣ್ಣ ಪಾಲು. ಒಂದು ಪಿಕ್ಸೆಲ್‌ಗೆ, ಒಂದು ಕೋರ್‌ಗೆ ಎಕ್ಸ್ ಫ್ಯಾಕ್ಟರ್ ಹಾಕೋದು ತಪ್ಪು, ಅದನ್ನ ಈಗ್ಲೂ ಕೆಲವ್ರು ಮಾಡ್ತಾರೆ, ಅದನ್ನ ನೋಡಿದ್ರೆ ನಂಗೆ ಮೈ ಉರಿಯತ್ತೆ.

ಉತ್ತರದ್_ಚುಕ್ಕಿ

ಎತ್ತರ ಎಲ್ಲಾ ಮೋಡಕ್ಕ ಒಂದೇ ಅನ್ನೂದನ್ನ ನಾ ಒಪ್ಪಾಂಗಿಲ್ಲ. ಗ್ಯಾಲಕ್ಸಿ ಕೇಂದ್ರದಾಗ ಗ್ಯಾಸ್ ಬಿಸಿ, ಲೈನ್ ಭಾಳ ಅಗಲ, ಅಲ್ಲಿ ನಿಮ್ಮ ಎಕ್ಸ್ ಹಾಕಿದ್ರ ತೂಕ ಎಷ್ಟೋ ಪಟ್ಟು ಜಾಸ್ತಿ ಬರತೈತಿ. ಸಣ್ಣ ಮೆಗೆಲಾನಿಕ್ ಮೋಡದಾಗ ಉಲ್ಟಾ, ಅಲ್ಲಿ ಭಾರದ ಧಾತು ಕಮ್ಮಿ, ಧೂಳು ಕಮ್ಮಿ, ಸಿಓನ ಕಾಯೋ ನೆರಳ ಇಲ್ಲ, ಅಲ್ಟ್ರಾವಯೊಲೆಟ್ ಬಂದು ಒಡದ ಹಾಕತೈತಿ. ಎಚ್2 ತನ್ನನ್ನ ತಾನ ಕಾಯ್ಕೊಂಡು ಉಳೀತೈತಿ. ಗ್ಯಾಸ್ ಐತಿ, ಸಿಓ ಇಲ್ಲ. ಅಲ್ಲಿ ನಮ್ಮ ಊರಿನ, ಅಂದ್ರ ನಮ್ಮ ಗ್ಯಾಲಕ್ಸಿಯ ಎಕ್ಸ್ ಹಿಡ್ಕೊಂಡು ಹೋದ್ರ ಹತ್ತಾರು ಪಟ್ಟು ಕಮ್ಮಿ ತೂಗತೈತಿ.

ಧೂಳುಕಣ

ಚುಕ್ಕಿ ಹೇಳಿದ್ದು ದೂರದ ಗ್ಯಾಲಕ್ಸಿಗೆ ಮಾತ್ರ ಅಲ್ಲ, ಪ್ರತಿ ಮೋಡದ ಚರ್ಮದಲ್ಲೂ ಇದೇ ಆಗತ್ತೆ. ಅಂಚಲ್ಲಿ ಒಂದು ಪದರ, ಎಚ್2 ಇರತ್ತೆ ಆದ್ರೆ ಕಾರ್ಬನ್ ಇನ್ನೂ ಸಿಓ ಆಗಿರಲ್ಲ, ಅಯಾನು ಆಗಿ ಕೂತಿರತ್ತೆ, 158 ಮೈಕ್ರಾನ್‌ನಲ್ಲಿ ಹೊಳಿಯತ್ತೆ. ಸಿಓಗೆ ಕಾಣದ ಈ ಗ್ಯಾಸ್ ಎಷ್ಟಿದೆ ಅಂತ ಮೊದ್ಲು ಜೋರಾಗಿ ಹೇಳಿದ್ದು ಗಾಮಾ ಕಿರಣದವ್ರು. ಕಾಸ್ಮಿಕ್ ಕಿರಣ ಹೈಡ್ರೋಜನ್ ನ್ಯೂಕ್ಲಿಯಸ್‌ಗೆ ಬಡಿದ್ರೆ ಗಾಮಾ ಬರತ್ತೆ, ಅದಕ್ಕೆ ಹೈಡ್ರೋಜನ್ ಪರಮಾಣುವಾಗಿದ್ಯೋ ಅಣುವಾಗಿದ್ಯೋ ಏನೂ ಬೇಕಾಗಿಲ್ಲ. 2005ರಲ್ಲಿ ಗ್ರೆನಿಯೆ ತಂಡ ಎಗ್ರೆಟ್ ಅನ್ನೋ ಗಾಮಾ ಟೆಲಿಸ್ಕೋಪ್‌ನ ಡೇಟಾ ತಗೊಂಡು, 21 ಸೆಂಟಿಮೀಟರ್ ಮ್ಯಾಪೂ (ಪರಮಾಣು ಹೈಡ್ರೋಜನ್‌ದು) ಸಿಓ ಮ್ಯಾಪೂ ಎರಡನ್ನೂ ಕಳೆದ್ರು, ಆಮೇಲೂ ಮೋಡಗಳ ಸುತ್ತ ಗಾಮಾ ಉಳೀತು, ಧೂಳಿನ ಮ್ಯಾಪ್ ಜೊತೆ ತಾಳೆ ಆಯ್ತು. ಆಮೇಲೆ ಪ್ಲಾಂಕ್ ಉಪಗ್ರಹದ ಧೂಳಿನ ಮ್ಯಾಪ್ 2011ರಲ್ಲಿ ಅದನ್ನೇ ಹೇಳ್ತು.

2025ರಲ್ಲಂತೂ ನೋಡಿ, ನಮ್ಮಿಂದ ಬರೀ 300 ಜ್ಯೋತಿರ್ವರ್ಷ ದೂರದಲ್ಲಿ ಈಯೋಸ್ ಅನ್ನೋ ಮೋಡ ಸಿಕ್ತು, ಸುಮಾರು 3,400 ಸೂರ್ಯನ ತೂಕ. ಇಷ್ಟು ಹತ್ತಿರ ಇದ್ದೂ ಇಷ್ಟು ವರ್ಷ ತಪ್ಪಿಸ್ಕೊಂಡಿದ್ದು ಯಾಕಂದ್ರೆ ಅದ್ರಲ್ಲಿ ಸಿಓ ಇಲ್ಲ ಅನ್ನೋಷ್ಟು ಕಮ್ಮಿ. ಸಿಕ್ಕಿದ್ದು ಎಚ್2 ಅಲ್ಟ್ರಾವಯೊಲೆಟ್‌ನಲ್ಲಿ ಮಿನುಗೋದನ್ನ ನೇರವಾಗಿ ನೋಡಿದ್ದಕ್ಕೆ. ಸಿಓ ಮ್ಯಾಪ್‌ನಲ್ಲಿ ಖಾಲಿ ಕಂಡ ಜಾಗನ ಖಾಲಿ ಅಂತ ಬರೆಯೋ ಧೈರ್ಯ ನಂಗಂತೂ ಹೋಯ್ತು.

ಮಿಲಿಮೀಟರ್_ಮಾವ

ಧೂಳಿನವ್ರು ಇಷ್ಟು ಬೀಗೋದು ಬೇಡ 🙂 ಧೂಳು ಒಟ್ಟು ಎಷ್ಟಿದೆ ಅಂತ ಹೇಳತ್ತೆ, ವೇಗ ಹೇಳತ್ತಾ? ಒಂದೇ ದಿಕ್ಕಲ್ಲಿ ಹಿಂದೆ ಮುಂದೆ ಮೂರು ಮೋಡ ಇದ್ರೆ ಧೂಳಿನ ಮ್ಯಾಪ್‌ನಲ್ಲಿ ಒಂದೇ ಕಲೆ. ಸಿಓದಲ್ಲಿ ಮೂರು ಲೈನ್, ಮೂರು ವೇಗ. 1980ರಲ್ಲಿ ಸ್ನೆಲ್, ಲೋರೆನ್, ಪ್ಲಾಂಬೆಕ್ ವೃಷಭದ ಎಲ್1551 ನೋಡಿದಾಗ ಲೈನ್‌ನ ನೀಲಿ ರೆಕ್ಕೆ (ನಮ್ಮ ಕಡೆ ಬರೋ ಗ್ಯಾಸ್) ಒಂದು ಕಡೆ ಕೆಂಪು ರೆಕ್ಕೆ (ದೂರ ಹೋಗೋ ಗ್ಯಾಸ್) ಇನ್ನೊಂದು ಕಡೆ ಬಿದ್ದಿತ್ತು, ಹುಟ್ಟೋ ನಕ್ಷತ್ರ ಎರಡೂ ದಿಕ್ಕಿಗೆ ಗ್ಯಾಸ್ ಉಗೀತಿದೆ ಅಂತ ಗೊತ್ತಾಗಿದ್ದು ಹಂಗೆ. ಧೂಳು ನೋಡಿ ಅದು ಜನ್ಮದಲ್ಲಿ ಸಿಗ್ತಿರ್ಲಿಲ್ಲ. ವೃಷಭದ 2008ರ ದೊಡ್ಡ ಮ್ಯಾಪ್, ಗೋಲ್ಡ್‌ಸ್ಮಿತ್ ತಂಡದ್ದು, ಸುಮಾರು 100 ಚದರ ಡಿಗ್ರಿ, ಅದ್ರಲ್ಲಿ 12 ಮತ್ತು 13 ಎರಡೂ ಇದೆ, ಮೋಡದ ತೂಕದಲ್ಲಿ ಅರ್ಧದಷ್ಟು ತೆಳು ಭಾಗದಲ್ಲೇ ಇದೆ ಅಂತ ಬಂತು. ಸಿಓನೇ ಸರಿಯಾಗಿ ಬಳಸಿದ್ರೆ ಅಂಚನ್ನೂ ಎಳೀಬಹುದು.

ಕಪ್ಪುಗೋಳ ಅವ್ರೆ, ಗ್ಯಾಸ್‌ಗೆ ಕ್ರಾಸ್ ಚೆಕ್ ಕೇಳಿದ್ರಲ್ಲ. ಎನ್2ಎಚ್ ಪ್ಲಸ್ (ಎರಡು ನೈಟ್ರೋಜನ್, ಒಂದು ಹೈಡ್ರೋಜನ್ ಇರೋ ಅಯಾನು) ತಗೊಳ್ಳಿ, 93.17 ಗಿಗಾಹರ್ಟ್ಜ್. ಸಿಓ ಗ್ಯಾಸ್ ಆಗಿ ಇದ್ರೆ ಅದು ಎನ್2ಎಚ್ ಪ್ಲಸ್‌ನ ತಿಂದುಹಾಕತ್ತೆ, ಎಚ್‌ಸಿಓ ಪ್ಲಸ್ ಮಾಡಿಬಿಡತ್ತೆ. ಸಿಓ ಹಿಮ ಆದ್ಮೇಲೆ ತಿನ್ನೋರು ಇಲ್ಲ, ಹಂಗಾಗಿ ಸಿಓ ಎಲ್ಲಿ ಕಾಣೆ ಆಗತ್ತೋ ಸರಿಯಾಗಿ ಅಲ್ಲೇ ಇದು ಏರತ್ತೆ. ಒಂದೇ ಲೈನ್ ಏಳು ತುಂಡಾಗಿ ಬರತ್ತೆ, ತುಂಡುಗಳ ಅನುಪಾತದಿಂದ ಎಷ್ಟು ದಪ್ಪ ಅನ್ನೋದೂ ಅದ್ರಲ್ಲೇ ಸಿಗತ್ತೆ, ಐಸೊಟೋಪ್ ಹುಡುಕ್ಕೊಂಡು ಹೋಗ್ಬೇಕಾಗಿಲ್ಲ.

ಕಪ್ಪುಗೋಳ

ಎನ್2ಎಚ್ ಪ್ಲಸ್ ಮ್ಯಾಪ್ ಸಿಕ್ತು, ಮೇಲೆ ಇಟ್ಟೆ. ಸಿ18ಓ ಗುಂಡಿ ಬಿದ್ದಿರೋ ಕಡೆನೇ ಇದು ಗುಡ್ಡ ಆಗಿದೆ, ಸಕ್ಕತ್ತಾಗಿದೆ. ಆದ್ರೆ ತೀರಾ ನಡುವಲ್ಲಿ, ಧೂಳಿನ ತುದಿ ಇರೋ ಕಡೆ, ಇದೂ ಸ್ವಲ್ಪ ಹಿಂದೆ ಬಿದ್ದಂಗಿದೆ?

ಧೂಳುಕಣ

ಸರಿಯಾಗೇ ನೋಡಿದೀರ. ಬರ್ಗಿನ್ ತಂಡ 2002ರಲ್ಲಿ ಅದನ್ನೂ ಹೇಳಿತ್ತು, ನೈಟ್ರೋಜನ್ ಕೂಡ ಕೊನೆಗೆ ಹಿಮದ ಪಾಲಾಗತ್ತೆ, ಸಿಓಗಿಂತ ತಡವಾಗಿ ಅಷ್ಟೇ. ಅದಕ್ಕೂ ಒಳಗೆ ಬೇಕಂದ್ರೆ ಎಚ್2ಡಿ ಪ್ಲಸ್ ಇದೆ, ಅದ್ರಲ್ಲಿ ಹೈಡ್ರೋಜನ್ ಡ್ಯುಟೀರಿಯಂ ಬಿಟ್ಟು ಬೇರೇನೂ ಇಲ್ಲ, ಹಿಮ ಆಗೋಕೆ ಭಾರದ ಧಾತುವೇ ಇಲ್ಲ.

ಬೇಸ್‌ಲೈನ್_ಬೇಜಾರು

ಹೇಳೋದು ಸುಲಭ ಮಾರಾಯ್ರೆ. ಎಚ್2ಡಿ ಪ್ಲಸ್ 372.4 ಗಿಗಾಹರ್ಟ್ಜ್, ಆ ಆವರ್ತನಕ್ಕೆ ಆಕಾಶದಲ್ಲಿ ನೀರಾವಿ ಸ್ವಲ್ಪ ಇದ್ರೂ ಆಟ ಮುಗೀತು, ತುಂಬಾ ಎತ್ತರದ ಒಣ ಜಾಗ ಬೇಕು, ಅಲ್ಲೂ ಒಳ್ಳೆ ರಾತ್ರಿಗೆ ಕಾಯ್ಬೇಕು. 115ಕ್ಕೇ ಎಷ್ಟು ಕಷ್ಟ ಉಂಟು ನೋಡಿ, 118.75ರಲ್ಲಿ ಗಾಳಿಯ ಆಮ್ಲಜನಕದ ಲೈನ್ ಕೂತು ಅದರ ಬಾಲ 115ರ ತನಕ ಬರ್ತದೆ, ಅದಕ್ಕೇ ಒಂದೇ ರಾತ್ರಿ ತೆಗೆದ್ರೂ 12ಸಿಓದಲ್ಲಿ ನಾಯ್ಸ್ 13ಸಿಓಗಿಂತ ಜಾಸ್ತಿ. ನಿಮ್ಮ ಕೆಲಸಕ್ಕೆ ಅಮೋನಿಯಾ ಸಾಕು, 23.69 ಗಿಗಾಹರ್ಟ್ಜ್, ಮೋಡ ಕವಿದಿದ್ರೂ ಹೆಚ್ಚೇನು ತೊಂದ್ರೆ ಇಲ್ಲ. ಅದರ ಎರಡು ಲೈನ್ ಸಿಕ್ರೆ ನಡುವಿನ ಟೆಂಪರೇಚರೂ ಸಿಗ್ತದೆ, 12ಸಿಓ ಕೊಟ್ಟ 10 ಕೆಲ್ವಿನ್ ಮುಖದ್ದು ಮಾತ್ರ ಅಲ್ವಾ.

ಕಪ್ಪುಗೋಳ

ಹೌದಲ್ಲ. ಅಮೋನಿಯಾ ಹುಡುಕ್ತೀನಿ. ಸಿ17ಓ ಯಾರತ್ರನಾದ್ರೂ ಪೂರ್ತಿ ಮ್ಯಾಪ್ ಇದ್ರೆ ಹೇಳಿ, ನನ್ನ ಹತ್ರ ಇರೋದು ಒಂದು ಗೀಟಿನ ಉದ್ದಕ್ಕೆ ಮಾತ್ರ, ಅದ್ರಲ್ಲಿ ಅನುಪಾತ ನಡುವಿಗೆ ಹೋದ್ರೂ ಕೆಳಗೆ ಇಳೀತಿಲ್ಲ.